ಹೇಳಿದ್ದನ್ನು ಹೇಳಿದ ಹಾಗೆ

ತಂಗಿಯ ಮದುವೆ ಮುಗಿಸಿಕೊಂಡು ಸೌದಾಮಿನಿ ಕಾಸರಗೋಡಿನಿಂದ ಎರ್ನಾಕುಲಕ್ಕೆ ಮರಳಿದ ದಿನ ಗಂಡನ ಕುತ್ತಿಗೆಗೆ ಹಳೆಯ ಪಂಚೆಯ ಪಟ್ಟಿ ಕಟ್ಟಿತ್ತು. ಎಡಗಡೆ, ಕೊರಳೆಲುಬಿನ ಸ್ವಲ್ಪ ಮೇಲೆ. ಪಟ್ಟಿಯ ಅಂಚಿಗೆ ಅರಸಿನದ ಕಲೆ ಹಿಡಿದಿತ್ತು.

“ಇದೆಂತದು?” ಎಂದಳು, ಕೈಯ ಟ್ರಂಕನ್ನು ಕೆಳಗಿಡುವ ಮೊದಲೇ.

“ಕುರು,” ಎಂದ ರಘುರಾಮ. “ಅಮ್ಮ ಕೊಯ್ಯಿಸಿದ್ಳು. ತಾನಾಗಿ ಒಡೆಯಿತು ಅಂತ ಅಪ್ಪನ ಹತ್ರ ಹೇಳಿದರೆ ಸಾಕು.”

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಆ ಕೆಮ್ಮು ವಿಷು ಹಬ್ಬದಿಂದಲೂ ಇತ್ತು.

ಅಪ್ಪ ವೆಂಕಟ್ರಮಣಯ್ಯ ಸೊಸೆಯ ಜೊತೆಗೇ ಮದುವೆಗೆ ಹೋಗಿದ್ದವರು, ಆಗಿನ್ನೂ ಗೇಟಿನ ಹತ್ತಿರ ಛತ್ರಿ ಕೊಡವುತ್ತಿದ್ದರು. ಕಾಸರಗೋಡಿನ ಮುನ್ಸೀಫ್ ಕೋರ್ಟಿನಲ್ಲಿ ಮೂವತ್ತು ವರ್ಷ ಅಮೀನರಾಗಿದ್ದು ನಿವೃತ್ತರಾದವರು. ನಾಟಿ ವೈದ್ಯರೆಂದರೆ ಅವರಿಗೆ ಆಗದು. ಅವರ ತಮ್ಮನೊಬ್ಬ ಅಂಥವರ ಕಷಾಯ ಕುಡಿದು ಸತ್ತಿದ್ದ. ಮನೆಗೆ ಬರುವುದಿದ್ದರೆ ಇಂಗ್ಲಿಷ್ ಮದ್ದು ಬರಬೇಕು, ಇಲ್ಲದಿದ್ದರೆ ಏನೂ ಬೇಡ.

ಅತ್ತೆ ಮೂಕಾಂಬಿಕಾ ಅಡುಗೆಮನೆಯಲ್ಲಿ ಬಸಳೆ ಸೋಸುತ್ತ, ದನಿ ತಗ್ಗಿಸಿ, ಆದರೆ ತನ್ನ ಪೌರುಷ ಮುಚ್ಚಿಡಲಾರದೆ ಕಥೆ ಹೇಳಿದರು.

“ನೀವಿಬ್ಬರೂ ಇಲ್ಲ. ಇವನಿಗೆ ಕೊರಳು ತಿರುಗಿಸ್ಲಿಕ್ಕೆ ಆಗ್ತಿಲ್ಲ. ದೇವಸ್ಥಾನದ ಹಿಂದೆ ಒಬ್ಬ ವೈದ್ಯ ಉಂಟಲ್ಲ, ಅವನ ಹತ್ರ ಕರ್ಕೊಂಡು ಹೋದೆ. ಅವ ಮುಟ್ಟಿ ನೋಡಿ ಎಂತ ಕೇಳಿದ ಗೊತ್ತುಂಟಾ? ‘ಕಳಲ ಆಣೋ?’ ಅಂತ! ಕುರು ತೋರಿಸಿದರೆ ಇವನಿಗೆ ಕಳಲೆಯ ಚಿಂತೆ.”

“ಕಳಲೆಯಾ?”

“ಅದೇ ಮಾರಾಯ್ತಿ, ಬಿದಿರಿನ ಕಳಲೆ. ಉಷ್ಣದ ಪದಾರ್ಥ ಅಲ್ವಾ, ತಿಂದಿದ್ದಾನಾ ಅಂತ ಕೇಳಿದ್ದು. ನಾನು ಹೇಳಿದೆ, ಕಳಲೆ ಇಲ್ಲ, ಈ ವರ್ಷ ಕಳಲೆ ಮನೆಗೇ ಬರಲಿಲ್ಲ, ಇದು ಕುರು. ‘ಕಳಲ ಇಲ್ಲ? ಕುರು ತನ್ನೆ?’ ಅಂದ. ಕುರುವೇ ಅಂದೆ. ಆಮೇಲೆಯೇ ಕತ್ತಿ ತೆಗೆದದ್ದು.”

ಸೌದಾಮಿನಿಗೆ ನಗು ಬಂತು. ಆರು ವರ್ಷದ ಸುಮಿತ್ರ, ಶಾಲೆಯಿದ್ದ ಕಾರಣ ಮದುವೆಗೆ ಬಾರದೆ ಅಜ್ಜಿಯ ಬಳಿ ಉಳಿದಿದ್ದವಳು, ತಾಯಿಯ ಸೆರಗು ಎಳೆದಳು. “ಅಚ್ಛಂಡೆ ಕಳುತ್ತಿಲ್ ನಿನ್ನ್ ಪುಳಿಂಕುರು ವನ್ನು, ಅಮ್ಮೇ.”

“ಕನ್ನಡದಲ್ಲಿ ಹೇಳು.”

ಮಗು ಹೇಳಲಿಲ್ಲ. ಡಬ್ಬಿಯಿಂದ ಒಂದು ಹುಣಸೆ ಬೀಜ ತೆಗೆದು, ಅಪ್ಪನ ಕುತ್ತಿಗೆಯಿಂದ ಬಂದದ್ದು ಇದೇ ಎಂಬಂತೆ ತೋರಿಸಿತು.

“ಹೌದು, ಅಷ್ಟೇ ದೊಡ್ಡದು,” ಎಂದರು ಮೂಕಾಂಬಿಕಾ. “ಗಟ್ಟಿ ಇತ್ತು. ಕೀವು ತುಂಬುವ ಮೊದಲೇ ಕೊಯ್ಯಿಸಿದ್ದು ಒಳ್ಳೇದಾಯ್ತು. ಇಲ್ಲದಿದ್ದರೆ ಅವ ಕೋರ್ಟಿಗೆ ಹೋಗ್ತಿದ್ದದ್ದು ಹೇಗೆ?”

ರಘುರಾಮ ಎರ್ನಾಕುಲದ ಹೈಕೋರ್ಟಿನಲ್ಲಿ ಭಾಷಾಂತರಕಾರ. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿಯ ಕನ್ನಡ ದಸ್ತಾವೇಜುಗಳನ್ನು ಇಂಗ್ಲಿಷಿಗೆ ತರಲು ಒಬ್ಬರು ಬೇಕಾಯಿತು. ಹಾಗೆ ಎರಡು ವರ್ಷದ ಹಿಂದೆ ಇಡೀ ಸಂಸಾರ ಕಲೂರಿನ ಈ ಬಾಡಿಗೆ ಮನೆಗೆ ಬಂತು. “ನಾವು ಕೇರಳಕ್ಕೆ ಬಂದದ್ದಲ್ಲ, ಕೇರಳವೇ ನಮ್ಮ ಮನೆಗೆ ಬಂದದ್ದು,” ಎಂದು ವೆಂಕಟ್ರಮಣಯ್ಯ ಬಂದವರಿಗೆಲ್ಲ ಹೇಳುತ್ತಿದ್ದರು. ಸಂಜೆ ಕಾಫಿಯ ಹೊತ್ತಿಗೆ ರಘುರಾಮ ಒಂದೊಂದು ಶಬ್ದ ಹಿಡಿದು ಹೆಂಡತಿಯನ್ನು ಕೇಳುವುದಿತ್ತು. ಮದರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದ್ದ ಅವಳ ಇಂಗ್ಲಿಷು ಅವನದ್ದಕ್ಕಿಂತ ಚೊಕ್ಕಟ. ಅವಳು ಹತ್ತಿರದ ಯಾವುದೋ ಒಂದು ಶಬ್ದ ಹೇಳಿದರೆ ಅವನು ಒಪ್ಪುತ್ತಿರಲಿಲ್ಲ.

“ಹತ್ತಿರ ಇದ್ದರೆ ಸಾಲದು. ಅಲ್ಲೇ ಇರಬೇಕು. ಒಬ್ಬನ ಗದ್ದೆ ಹೋಗ್ತದೆ.”

ಮಳೆಗಾಲದಲ್ಲಿ ಕೆಮ್ಮಿಗೆ ಬಾಟಲಿ ಮದ್ದು ಬಂತು, ಮತ್ತೊಂದು ಬಾಟಲಿ ಬಂತು. ಓಣಂ ಕಳೆದ ವಾರ ಬಟ್ಟೆ ಒಗೆಯುವಾಗ ಅವನ ಕರವಸ್ತ್ರದಲ್ಲಿ ಸೌದಾಮಿನಿ ರಕ್ತ ಕಂಡಳು. ಕ್ಷಯವೆಂದು ಎಲ್ಲರೂ ಎಣಿಸಿದರು. ಅವನ ತಟ್ಟೆ ಲೋಟ ಬೇರೆಯಾದವು, ಸುಮಿತ್ರಳ ಹಾಸಿಗೆ ಅಜ್ಜಿಯ ಕೋಣೆಗೆ ಹೋಯಿತು. ಕಫ ಪರೀಕ್ಷೆಯಲ್ಲಿ ಕ್ಷಯ ಸಿಗಲಿಲ್ಲ. ಎಕ್ಸ್-ರೇಯಲ್ಲಿ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ನಿಂಬೆಗಾತ್ರದ ನೆರಳು ಸಿಕ್ಕಿತು. ಊರಿನ ಡಾಕ್ಟರು ತಿರುವನಂತಪುರದ ದೊಡ್ಡ ಆಸ್ಪತ್ರೆಗೆ, ಎದೆಯ ಶಸ್ತ್ರವೈದ್ಯ ಈಪನ್ ಅವರಿಗೆ ಕಾಗದ ಕೊಟ್ಟರು.

ಮಗಳನ್ನು ಪಕ್ಕದ ಮನೆಯ ಅಮ್ಮಿಣಿ ಟೀಚರ ಬಳಿ ಬಿಟ್ಟು ನಾಲ್ವರೂ ಆ ವರ್ಷವೇ ಶುರುವಾಗಿದ್ದ ನೇರ ರೈಲಿನಲ್ಲಿ ಹೋದರು. ಚಾಲೈ ಪೇಟೆಯಲ್ಲಿ ಒಂದು ಒಣಮೆಣಸಿನ ಮಂಡಿಯ ಮೇಲೆ ಕೋಣೆ ಸಿಕ್ಕಿತು. ಕೆಳಗೆ ಮೂಟೆ ಬಿಚ್ಚಿದಾಗಲೆಲ್ಲ ಮೇಲೆ ಎಲ್ಲರೂ ಕೆಮ್ಮುತ್ತಿದ್ದರು.

“ಈಗ ನಿಮಗೆ ಗೊತ್ತಾಯ್ತಲ್ಲ ಹೇಗಾಗ್ತದೆ ಅಂತ,” ಎಂದ ರಘುರಾಮ. ಅದು ಅವನು ಆ ವಾರ ಆಡಿದ ಒಂದೇ ತಮಾಷೆ.

ಡಾಕ್ಟರ್ ಈಪನ್ ಎತ್ತರದ, ಕೂದಲು ನರೆತ ಮನುಷ್ಯ. ಮೊದಲ ದಿನವೇ ಕೇಳಿದರು, “ಸಿಗರೇಟು ಎಷ್ಟು?”

“ನನ್ನ ಮಗನಿಗೆ ಆ ಅಭ್ಯಾಸ ಇಲ್ಲ,” ಎಂದು ವೆಂಕಟ್ರಮಣಯ್ಯ ಇಂಗ್ಲಿಷಿನಲ್ಲೇ ಹೇಳಿದರು.

“ದಿನಕ್ಕೆ ಇಪ್ಪತ್ತು,” ಎಂದ ರಘುರಾಮ, ಗೋಡೆ ನೋಡುತ್ತ. “ಹದಿನಾರು ವರ್ಷದಿಂದ.”

ಆಮೇಲಿನ ದಿನಗಳಲ್ಲಿ ಮಾವ ಡಾಕ್ಟರ ಕೋಣೆಯೊಳಗೆ ಬರಲಿಲ್ಲ. ತರಕಾರಿ ತರುವ ನೆಪದಲ್ಲಿ ಚಾಲೈಯಲ್ಲಿ ತಿರುಗುತ್ತಿದ್ದರು. ಹಾಗಾಗಿ ಐದನೆಯ ದಿನ, ರಘುರಾಮನನ್ನು ಇನ್ನೊಂದು ಎಕ್ಸ್-ರೇಗೆ ಒಯ್ದಿದ್ದಾಗ, ಡಾಕ್ಟರು ಒಳಗೆ ಕರೆದದ್ದು ಅತ್ತೆ ಸೊಸೆಯರನ್ನು ಮಾತ್ರ.

ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್ ಇತ್ತು. ಡಾಕ್ಟರು ಸೌದಾಮಿನಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು.

“ನೀವು ಪ್ರಾಣಿಶಾಸ್ತ್ರ ಓದಿದವರಂತೆ. ನೇರವಾಗಿ ಹೇಳುತ್ತೇನೆ. ಕ್ಯಾನ್ಸರ್. ಆದರೆ ಈ ರೋಗ ಮನಸ್ಸಿಗೆ ಬಂದ ಹಾಗೆ ಅಲೆಯುವುದಿಲ್ಲ, ಅದಕ್ಕೆ ದಾರಿಗಳಿವೆ. ಮೊದಲು ಶ್ವಾಸಕೋಶದ ಬುಡದ ಗ್ರಂಥಿಗಳು. ಆಮೇಲೆ ಎದೆಯ ನಡುವಿನವು. ಆಮೇಲೆ ಇಲ್ಲಿ.” ತಮ್ಮ ಕೊರಳೆಲುಬಿನ ಮೇಲೆ ಬೆರಳಿಟ್ಟರು. “ಎಲ್ಲಿವರೆಗೆ ಬಂದಿದೆಯೆಂದು ತಿಳಿದರೆ ಮುಂದೆ ಎಷ್ಟು ಕಾಲವೆಂದು ಹೆಚ್ಚುಕಡಿಮೆ ಹೇಳಬಹುದು. ಇದರಲ್ಲಿ ಮೂವತ್ತೊಂದು ಜನರಿದ್ದಾರೆ. ನಾನು ನೋಡಿದ ದಿನ ಎಲ್ಲಿವರೆಗೆ ಬಂದಿತ್ತು, ಆಮೇಲೆ ಎಷ್ಟು ತಿಂಗಳು ಬದುಕಿದರು, ಎರಡೇ ಸಂಗತಿ ಬರೆಯುತ್ತೇನೆ.”

“ಕೊರಳೆಲುಬಿಗೆ ಬಂದವರು?”

“ಒಂಬತ್ತು. ಒಬ್ಬರೂ ಎಂಟು ತಿಂಗಳು ದಾಟಲಿಲ್ಲ. ಅವರಲ್ಲಿ ಮೂವರಿಗೆ ನಾನು ಶಸ್ತ್ರಕ್ರಿಯೆ ಮಾಡಿದೆ. ಆಗ ನನಗೆ ಇಷ್ಟು ತಿಳಿದಿರಲಿಲ್ಲ. ಆ ಮೂವರು ಉಳಿದವರಿಗಿಂತ ಮೊದಲೇ ಹೋದರು, ಹೆಚ್ಚು ನರಳಿ. ಈಗ ಅಂಥವರನ್ನು ಮನೆಗೆ ಕಳಿಸುತ್ತೇನೆ.”

“ಶ್ವಾಸಕೋಶದೊಳಗೇ ಇದ್ದವರು?”

“ಹನ್ನೊಂದು. ನಾಲ್ವರು ಈಗಲೂ ಬಸ್ಸು ಹತ್ತಿ ಬಂದು ತೋರಿಸಿ ಹೋಗುತ್ತಾರೆ.”

ಹನ್ನೊಂದರಲ್ಲಿ ನಾಲ್ಕು. ಸೌದಾಮಿನಿ ಅದನ್ನೇ ಹಿಡಿದುಕೊಂಡಳು.

“ನಿಮ್ಮ ಯಜಮಾನರ ಕುತ್ತಿಗೆಯಲ್ಲಿ ಈಗ ಏನೂ ಕೈಗೆ ಸಿಗುವುದಿಲ್ಲ. ಆದರೆ ಒಂದು ಗಾಯದ ಗುರುತು ಇದೆ. ಕುರು ಎನ್ನುತ್ತಾರೆ. ಒಳಗಿಂದ ಏನು ಬಂತೆಂದು ಅವರಿಗೆ ಕಾಣಿಸಲಿಲ್ಲವಂತೆ, ತಾಯಿ ನೋಡಿದ್ದಾರಂತೆ.” ಡಾಕ್ಟರು ಮೂಕಾಂಬಿಕೆಯತ್ತ ತಿರುಗಿ, ತಮ್ಮ ಕುತ್ತಿಗೆ ಒತ್ತಿ ತೋರಿಸಿ, ನಿಧಾನವಾಗಿ ಮಲಯಾಳದಲ್ಲಿ ಕೇಳಿದರು. “ಅಮ್ಮಾ, ಇವಿಡೆ ಕಳಲ ಉಂಡಾಯಿರುನ್ನೋ?”

ಮೂಕಾಂಬಿಕಾ ಸೊಸೆಯ ಮುಖ ನೋಡಿದರು. “ಇವರಿಗೂ ಕಳಲೆಯಾ? ಈ ಊರಲ್ಲಿ ಎಲ್ಲರೂ ಕಳಲೆಯನ್ನೇ ಎಂತಕ್ಕೆ ಕೇಳ್ತಾರೆ?”

ಡಾಕ್ಟರ ಬೆರಳು ಇನ್ನೂ ಕೊರಳ ಮೇಲೇ ಇತ್ತು. ಸೌದಾಮಿನಿಗೆ ಆಗ ಹೊಳೆಯಿತು, ಕಳಲ ಎಂದರೆ ಇವರಲ್ಲಿ ಬಿದಿರಿನ ಮೊಳಕೆಯಲ್ಲ, ಊದಿದ ಗ್ರಂಥಿ. ದೇವಸ್ಥಾನದ ಹಿಂದಿನ ವೈದ್ಯ ಕೇಳಿದ್ದೂ ಅದನ್ನೇ. ಗ್ರಂಥಿಯಾಗಿದ್ದರೆ ಅವನು ಕತ್ತಿ ಮುಟ್ಟುತ್ತಿರಲಿಲ್ಲ. ಇಲ್ಲ ಎಂದದ್ದಕ್ಕೆ ಕೊಯ್ದ.

“ಅವರಿಗೆ ಅರ್ಥವಾಗಲಿಲ್ಲ. ನೀವು ಕೇಳಿ,” ಎಂದರು ಡಾಕ್ಟರು. “ಬಂದದ್ದು ಕೀವೋ, ಗಟ್ಟಿಯಾದ ಏನಾದರೂ ಇತ್ತೋ? ಕೀವಾದರೆ ಸರಿ, ಸೋಮವಾರ ಶಸ್ತ್ರಕ್ರಿಯೆ ಮಾಡುತ್ತೇನೆ. ಗಟ್ಟಿಯಾದದ್ದಾಗಿದ್ದರೆ ಎದೆ ಮುಟ್ಟುವುದಿಲ್ಲ.”

ಸೌದಾಮಿನಿ ಕೇಳಿದಳು. “ಅತ್ತೆ, ಅವತ್ತು ಕೊಯ್ದಾಗ ಎಂತ ಬಂತು ಅಂತ ಕೇಳ್ತಾರೆ.”

ಅತ್ತೆ ಹೆದರಿದ್ದರು. ಆದರೂ ಮುಚ್ಚಿಡಲಿಲ್ಲ. “ಇದ್ದದ್ದು ಇದ್ದ ಹಾಗೆ ಹೇಳು. ವೈದ್ಯ ಕೊಯ್ದ ಅಂತ ಹೇಳು, ಇವರು ಬೈದರೆ ಬೈಯಲಿ. ಕೀವು ಬರಲಿಲ್ಲ, ರಕ್ತವೂ ಹೆಚ್ಚು ಬರಲಿಲ್ಲ. ಹುಣಸೆ ಬೀಜದಷ್ಟು ಗಟ್ಟಿ ಒಂದು ಬಂತು, ಬಿಳಿ ಬಿಳಿ ಇತ್ತು. ಅವ ಅದನ್ನು ಎಲೆಯಲ್ಲಿ ಕಟ್ಟಿ ಬಿಸಾಡಿದ.”

ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು.

“ಪಸ್,” ಎಂದಳು ಸೌದಾಮಿನಿ.

ಡಾಕ್ಟರು ಬರೆದುಕೊಂಡರು. ಹೊರಗೆ ಬಂದ ಮೇಲೆ ಮೂಕಾಂಬಿಕಾ ಕೇಳಿದರು.

“ನಾನು ಇಷ್ಟು ಹೇಳಿದೆ. ನೀನು ಒಂದೇ ಶಬ್ದ ಹೇಳಿದ್ದಲ್ವಾ?”

“ಇಂಗ್ಲಿಷಿನಲ್ಲಿ ಅಷ್ಟೇ, ಅತ್ತೆ.”

ಸೋಮವಾರ ಎಡ ಶ್ವಾಸಕೋಶವನ್ನು ತೆಗೆದರು. ಬುಡದ ಗ್ರಂಥಿಗಳು ಕಣ್ಣಿಗೆ ಸ್ವಚ್ಛವಾಗಿಯೇ ಕಂಡವೆಂದು ಡಾಕ್ಟರ್ ಈಪನ್ ಸಂತೋಷದಿಂದ ಹೇಳಿದರು. ವೆಂಕಟ್ರಮಣಯ್ಯ ಪದ್ಮನಾಭ ಸ್ವಾಮಿಗೆ ಪೂಜೆ ಕೊಟ್ಟು ಪ್ರಸಾದ ತಂದರು. ಮಗನ ಹಣೆಗೆ ಗಂಧ ಹಚ್ಚುವಾಗ, “ಆ ದರಿದ್ರ ಸಿಗರೇಟು ಇನ್ನು ಮುಟ್ಟಿದರೆ ನೋಡು,” ಎಂದರು. ಅವರು ಅವನ ಜೊತೆ ಮಾತಾಡಿದ್ದು ಎರಡು ವಾರದ ಮೇಲೆ ಅದೇ ಮೊದಲು.

ನವೆಂಬರ್ ಕೊನೆಗೆ ಕಲೂರಿಗೆ ಬಂದರು. ರಘುರಾಮನ ಎಡ ಭುಜ ಕೆಳಗಿಳಿದಿತ್ತು. ನಾಲ್ಕು ಹೆಜ್ಜೆಗೆ ಒಮ್ಮೆ ಗೋಡೆ ಹಿಡಿದು ನಿಲ್ಲಬೇಕು. ಎರಡನೆಯ ವಾರ ಅವನ ದನಿ ಒಡೆಯಿತು, ಮೂರನೆಯ ವಾರ ಹೋಯಿತು. ಹಳೆಯ ಕರಡು ಭಾಷಾಂತರಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಬೇಕಾದ್ದು ಕೇಳುತ್ತಿದ್ದ. ನೀರು. ಕಿಟಕಿ ಮುಚ್ಚು. ಇನ್ನು ಗಂಜಿ ಬೇಡ.

ಕ್ರಿಸ್ಮಸ್ ರಜೆಯ ಒಂದು ಮಧ್ಯಾಹ್ನ ವೆಂಕಟ್ರಮಣಯ್ಯ ಊಟಕ್ಕೆ ಕೂತಿದ್ದರು. ಸೌತೆಕಾಯಿ ಹುಳಿ ಬಡಿಸುತ್ತಿದ್ದವರು ಮೂಕಾಂಬಿಕಾ. ಸುಮಿತ್ರ ತಂದೆಯ ಕೋಣೆಯಿಂದ ಓಡಿ ಬಂದು ಅಜ್ಜನಿಗೆ ಸುದ್ದಿ ಹೇಳಿದಳು. ಅಪ್ಪನ ಕುತ್ತಿಗೆಯಲ್ಲಿ ವೈದ್ಯರ್ ಕೊಯ್ದ ಜಾಗದಲ್ಲೇ ಮತ್ತೆ ಪುಳಿಂಕುರು ಬಂದಿದೆ ಎಂದು, ಎಲ್ಲ ಮಲಯಾಳದಲ್ಲಿ.

ವೆಂಕಟ್ರಮಣಯ್ಯನವರಿಗೆ ಅಷ್ಟು ಮಲಯಾಳ ಬರುತ್ತಿತ್ತು. ಕೈಯ ತುತ್ತು ಎಲೆಗೆ ಇಳಿಯಿತು. “ಯಾವ ವೈದ್ಯ?”

ಸೌದಾಮಿನಿ ಮಜ್ಜಿಗೆಯ ಪಾತ್ರೆ ಎತ್ತಿಕೊಂಡಳು.

“ಯಾವ ವೈದ್ಯ ಕೊಯ್ದದ್ದು ಅಂತ ಕೇಳಿದೆ.”

“ದೇವಸ್ಥಾನದ ಹಿಂದೆ ಇರುವವ,” ಎಂದರು ಮೂಕಾಂಬಿಕಾ. “ನೀವು ಮದುವೆಗೆ ಹೋದಾಗ. ಕುರು ಅಂತ ಎಣಿಸಿದ್ದು.”

“ಎಣಿಸಿದ್ದು! ನಾಯಿ ಕೊಯ್ಯುವವನ ಕೈಯಲ್ಲಿ ಮಗನ ಕುತ್ತಿಗೆ ಕೊಟ್ಟು ಎಣಿಸಿದ್ದು! ಒಳಗೆ ಇದ್ದದ್ದನ್ನು ಇಡೀ ಮೈಗೆ ಹಬ್ಬಿಸಿದ್ದು ನೀನು.”

“ಹಾಗಾದರೆ ಆ ದೊಡ್ಡ ಡಾಕ್ಟರಿಗೆ ಗೊತ್ತಾಗಬೇಕಿತ್ತಲ್ಲ? ನಾನು ಅವರ ಹತ್ರ ಎಲ್ಲ ಹೇಳಿದ್ದೇನೆ. ಗಟ್ಟಿ ಬಂತು ಅಂತ ಹೇಳಿದ್ದೇನೆ. ಕೇಳಿ ತಿಳಿದೇ ಅವರು ಕೊಯ್ದದ್ದು.”

“ಸುಳ್ಳು. ಕುತ್ತಿಗೆಗೆ ಹಬ್ಬಿದ್ದು ಗೊತ್ತಿದ್ದರೆ ಯಾವ ಡಾಕ್ಟರೂ ಮುಟ್ಟುವುದಿಲ್ಲ ಅಂತ ಇಲ್ಲಿಯ ಡಾಕ್ಟರೇ ಮೊನ್ನೆ ಹೇಳಿದರು.”

“ಇವಳೇ ಅಲ್ವಾ ಇಂಗ್ಲಿಷಿನಲ್ಲಿ ಹೇಳಿದ್ದು! ಇವಳನ್ನು ಕೇಳಿ. ಹೇಳು ಸೌದಾಮಿನಿ, ನಾನು ಎಂತ ಹೇಳಿದ್ದು?”

ಇಬ್ಬರೂ ಅವಳನ್ನು ನೋಡಿದರು. ಸೌದಾಮಿನಿಯ ಕೈಯಲ್ಲಿ ಮಜ್ಜಿಗೆಯ ಪಾತ್ರೆ ಇತ್ತು.

“ಅತ್ತೆ ಕೀವು ಅಂತಲೇ ಹೇಳಿದ್ದು,” ಎಂದಳು.

ಮೂಕಾಂಬಿಕಾ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು ಹಿತ್ತಲಿಗೆ ಹೋದರು. ವೆಂಕಟ್ರಮಣಯ್ಯ ಎಲೆ ಮಡಿಸಿ ಎದ್ದರು. ಅಂದಿನಿಂದ ಅವರು ಹೆಂಡತಿ ಬಡಿಸಿದ್ದನ್ನು ಉಣ್ಣಲಿಲ್ಲ. “ಸೌದಾಮಿನಿ, ಬಡಿಸು,” ಎನ್ನುತ್ತಿದ್ದರು, ಹೆಂಡತಿ ಎದುರಿಗೇ ನಿಂತಿದ್ದರೂ.

ತೆಳು ಗೋಡೆಯ ಆಚೆ ಮಲಗಿದ್ದ ರಘುರಾಮನಿಗೆ ಎಲ್ಲ ಕೇಳಿಸಿತ್ತು. ಸಂಜೆ ಅವಳು ಹಾಸಿಗೆಯ ಬಟ್ಟೆ ಬದಲಿಸಲು ಹೋದಾಗ ಕಾಗದ ಮುಂದೆ ಮಾಡಿದ.

ಅಮ್ಮ ಹೇಳಿದ್ದೇನು?

ಅವಳು ಬಾಗಿಲು ನೋಡಿದಳು. ಆಮೇಲೆ ಬಗ್ಗಿ ಹೇಳಿದಳು, ಒಂದು ಶಬ್ದವೂ ಬಿಡದೆ. ಕೀವು ಬರಲಿಲ್ಲ ಎಂಬುದು. ಹುಣಸೆ ಬೀಜದಷ್ಟು ಎಂಬುದು. ಬಿಳಿ ಬಿಳಿ ಇತ್ತು ಎಂಬುದು. ಹನ್ನೊಂದರಲ್ಲಿ ನಾಲ್ಕು ಎಂಬುದನ್ನೂ ಹೇಳಿದಳು.

ಅವನು ಕಾಗದವನ್ನು ತನ್ನತ್ತ ಎಳೆದುಕೊಂಡು ಬರೆದ.

ನನ್ನನ್ನು ಕೇಳಬಹುದಿತ್ತು.

ಮರುದಿನದಿಂದ ಅವನು ಗಂಜಿ ಕುಡಿದದ್ದು ತಾಯಿಯ ಕೈಯಿಂದ ಮಾತ್ರ. ಸೌದಾಮಿನಿ ಚಮಚ ತಂದರೆ ತುಟಿ ಮುಚ್ಚುತ್ತಿದ್ದ. ಮೂಕಾಂಬಿಕಾ ಕಾರಣ ಕೇಳಲಿಲ್ಲ. ದಿನಕ್ಕೆ ಆರು ಸಲ ತೊಡೆಯ ಮೇಲೆ ತಲೆ ಇರಿಸಿಕೊಂಡು, ಹತ್ತಿಯ ಬತ್ತಿಯಿಂದ ಒಂದೊಂದೇ ಹನಿ ಬಿಟ್ಟರು. ಮಕರ ಸಂಕ್ರಾಂತಿಯ ಮೂರನೆಯ ದಿನ ಬೆಳಗ್ಗೆ ಹನಿಗಳು ಬಾಯಿಯಿಂದ ಹೊರಗೆ ಹರಿದವು. ಶಸ್ತ್ರಕ್ರಿಯೆಯಾಗಿ ಹತ್ತು ವಾರವಾಗಿತ್ತು.

ಕ್ರಿಯೆಗಳೆಲ್ಲ ಮುಗಿದು ಬಂದವರು ಹೋದರು. ವೆಂಕಟ್ರಮಣಯ್ಯ ಕೋರ್ಟಿನ ಶಿಸ್ತಿನವರು. ಮಗ ತೀರಿಕೊಂಡ ತಾರೀಕನ್ನು ತಿರುವನಂತಪುರದ ಡಾಕ್ಟರಿಗೆ ಒಂದು ಕಾರ್ಡಿನಲ್ಲಿ ತಿಳಿಸಿದ್ದರು. ಫೆಬ್ರವರಿ ನಡುವೆ ಅವರ ಹೆಸರಿಗೆ ಉತ್ತರ ಬಂತು, ಎರಡು ಪುಟ, ಸಣ್ಣ ಅಕ್ಷರ. ಕನ್ನಡಕ ಹಾಕಿ ಅರ್ಧ ಓದಿ ಅವರು ಅದನ್ನು ಸೊಸೆಗೆ ಕೊಟ್ಟರು.

“ನನ್ನ ಕಣ್ಣಿಗೆ ಆಗುವುದಿಲ್ಲ. ನೀನು ಕನ್ನಡದಲ್ಲಿ ಹೇಳು.”

ಜಗಲಿಯಲ್ಲಿ ಮೂಕಾಂಬಿಕಾ ಒಲೆಗೆಂದು ತೆಂಗಿನ ಗರಿ ಸೀಳುತ್ತಿದ್ದರು. ಸೌದಾಮಿನಿ ಕಂಬಕ್ಕೆ ಒರಗಿ ಕೂತು ಓದಿ ಹೇಳತೊಡಗಿದಳು.

“ತಮ್ಮ ಮಗನ ಸಾವಿನ ಸುದ್ದಿ ತಿಳಿದು ದುಃಖವಾಯಿತು ಅಂತ ಬರೆದಿದ್ದಾರೆ. ಅವರ ವಿಷಯದಲ್ಲಿ ನನ್ನ ಲೆಕ್ಕಾಚಾರ ಪೂರ್ತಿ ತಪ್ಪಿತು. ಗ್ರಂಥಿಗೆ ಹರಡದವರು ಹತ್ತು ವಾರದಲ್ಲಿ ಹೋದದ್ದನ್ನು ನಾನು ಕಂಡಿರಲಿಲ್ಲ. ಇಷ್ಟು ವರ್ಷ ನಂಬಿದ ದಾರಿಗಳನ್ನೇ ನಂಬಬಹುದೋ ಇಲ್ಲವೋ ತಿಳಿಯದಾಗಿದೆ. ಅವರ ನಂತರ ಅದೇ ಸ್ಥಿತಿಯಲ್ಲಿ ಬಂದ ಇಬ್ಬರಿಗೆ ಶಸ್ತ್ರಕ್ರಿಯೆ ಮಾಡಲು ನನಗೆ ಧೈರ್ಯ ಬರಲಿಲ್ಲ. ಒಬ್ಬರು ವಯಸ್ಸಾದವರು. ಇನ್ನೊಬ್ಬರು ಕೊಟ್ಟಾರಕ್ಕರದ ಶಾಲಾ ಮೇಷ್ಟ್ರು, ಮೂವತ್ತೆರಡು ವರ್ಷ.”

ಅವಳು ನಿಂತಳು. ಮುಂದಿನ ಸಾಲು ಕಣ್ಣೆದುರಿಗಿತ್ತು. ಅದನ್ನು ಹಾರಿಸಿ ಕೊನೆಯ ವಂದನೆಗಳಿಗೆ ಹೋದರೆ ಈ ಮನೆಯಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ಮಾವನಿಗೆ ಅವಳಲ್ಲದೆ ಬಡಿಸುವವರಿಲ್ಲ. ಬರುವ ಜೂನ್‌ನಲ್ಲಿ ಅವಳನ್ನೂ ಮಗುವನ್ನೂ ಮದರಾಸಿಗೆ ಕಳಿಸಿ ಶಿಕ್ಷಕಿಯಾಗಲು ಬಿ.ಟಿ. ಓದಿಸುತ್ತೇನೆಂದು ಅವರೇ ಬಾಯಿಬಿಟ್ಟು ಹೇಳಿದ್ದರು.

“ಮತ್ತೆಂತ?” ಎಂದರು ವೆಂಕಟ್ರಮಣಯ್ಯ.

“ಮತ್ತೆ,” ಎಂದಳು ಸೌದಾಮಿನಿ, “ಒಂದು ಸಂಗತಿ ಖಚಿತ ಮಾಡಿಕೊಳ್ಳಬೇಕಾಗಿದೆ. ಕುತ್ತಿಗೆಯಿಂದ ಬಂದದ್ದು ಏನೆಂದು ನಾನು ಕೇಳಿದಾಗ, ಅವರ ತಾಯಿ ಸಾಕಷ್ಟು ದೀರ್ಘವಾಗಿ ಏನೋ ಹೇಳಿದರು. ತಮ್ಮ ಸೊಸೆ ಅದನ್ನು ಒಂದೇ ಶಬ್ದದಲ್ಲಿ ನನಗೆ ತಿಳಿಸಿದರು. ಆ ಶಬ್ದ ಸರಿಯೇ?”

ಗರಿ ಸೀಳುವ ಸದ್ದು ನಿಂತಿತು.

“ಸರಿಯಲ್ಲ,” ಎಂದಳು ಸೌದಾಮಿನಿ. ಇದು ಕಾಗದದಲ್ಲಿ ಇರಲಿಲ್ಲ. “ಅತ್ತೆ ಕೀವು ಅಂತ ಹೇಳಲಿಲ್ಲ. ಗಟ್ಟಿ ಅಂತಲೇ ಹೇಳಿದ್ದು. ಕೀವು ಅಂದದ್ದು ನಾನು.”

“ಎಂತಕ್ಕೆ?” ವೆಂಕಟ್ರಮಣಯ್ಯನವರ ದನಿ ಏರಲೇ ಇಲ್ಲ.

“ಹೇಳಿದ್ದರೆ ಮನೆಗೆ ಕಳಿಸ್ತಿದ್ದರು.”

“ಕಳಿಸಿದ್ದರೆ ಮಾತಾದರೂ ಇರ್ತಿತ್ತು ಅವನಿಗೆ!” ಮುದುಕ ಎದ್ದು ಅಂಗಳದ ತುದಿಗೆ ಹೋಗಿ ತಿರುಗಿ ಬಂದರು. “ಆಯ್ತು. ಆದದ್ದಾಯ್ತು. ಈ ಕಾಗದಕ್ಕೆ ಉತ್ತರ ಬೇಡ. ದಾಖಲಾದ ಹೇಳಿಕೆ ದಾಖಲಾಯ್ತು. ಮನೆಯ ಹೆಂಗಸು ಡಾಕ್ಟರಿಗೆ ಸುಳ್ಳು ಹೇಳಿ ಗಂಡನನ್ನು ಕೊಯ್ಯಿಸಿದ್ಳು ಅಂತ ನಾವೇ ಬರೆದು ಕೊಡುವುದಾ?”

“ಬರೀಬೇಕು,” ಎಂದರು ಮೂಕಾಂಬಿಕಾ.

“ನೀನು ಸುಮ್ಮನಿರು.”

“ಎಂಟು ವಾರ ಸುಮ್ಮನಿದ್ದೆ. ಆ ಮೇಷ್ಟ್ರಿಗೆ ತಾಯಿ ಇದ್ದಾಳೋ ಏನೋ.” ಅವರು ಕತ್ತಿಯನ್ನು ಬದಿಗಿಟ್ಟು ಕೈ ಒರೆಸಿಕೊಂಡರು. “ಪೆನ್ನು ತಾ, ಸೌದಾಮಿನಿ. ನಾನು ಹೇಳ್ತೇನೆ. ಹೇಳಿದ್ದನ್ನು ಹೇಳಿದ ಹಾಗೆ ಬರಿ.”

ಅವರು ಹೇಳಿದರು. ಸೌದಾಮಿನಿ ಇಂಗ್ಲಿಷಿನಲ್ಲಿ ಬರೆದಳು. ಪ್ರತಿ ಸಾಲಿಗೂ ಅತ್ತೆ, “ಈಗ ಬರೆದದ್ದು ಎಂತ?” ಎಂದು ಕೇಳಿ, ಅವಳು ಕನ್ನಡದಲ್ಲಿ ತಿರುಗಿ ಹೇಳಿದ ಮೇಲೆಯೇ ಮುಂದಿನ ಮಾತು ಆಡಿದರು. ಕಳಲ ಎಂದರೆ ಎಂತದೆಂದು ಸೊಸೆ ಈಗ ಹೇಳಿದ ಮೇಲೆ, ಕಳಲೆಯ ಸಂಗತಿಯನ್ನೂ ಬರೆಸಿದರು. ತಾನು ತಪ್ಪು ತಿಳಿದದ್ದು, ಇಲ್ಲ ಎಂದದ್ದು, ವೈದ್ಯನದ್ದು ತಪ್ಪಿಲ್ಲ ಎಂಬುದು. ಕೆಳಗೆ ಕನ್ನಡದಲ್ಲಿ ತನ್ನ ಹೆಸರು ಬರೆದರು. ಆಮೇಲೆ ಪೆನ್ನನ್ನು ಸೊಸೆಗೆ ಕೊಟ್ಟು, “ಇನ್ನು ನಿನ್ನದು,” ಎಂದರು. ‘ತಪ್ಪಾಗಿ ಹೇಳಿದವಳು ನಾನು’ ಎಂದು ಬರೆದು ಸೌದಾಮಿನಿ ಸಹಿ ಹಾಕಿದಳು.

“ಈಗ ಮೇಷ್ಟ್ರಿಗೆ ಕೊಯ್ತಾರಾ?”

“ಕೊಯ್ಯಬಹುದು.”

ಅಂಚೆಗೆ ಹಾಕಲು ಮೂಕಾಂಬಿಕಾ ತಾವೇ ಹೋದರು. ಅಂದು ರಾತ್ರಿಯ ಊಟಕ್ಕೆ ವೆಂಕಟ್ರಮಣಯ್ಯ ಬಂದು ಕೂತು, ಸೊಸೆಯ ಕಡೆ ನೋಡದೆ, ಬಹಳ ದಿನದ ಮೇಲೆ ಹೆಂಡತಿಯನ್ನು ಕರೆದರು. “ಬಡಿಸು.”

“ಕೈ ಉಂಟಲ್ಲ,” ಎಂದರು ಮೂಕಾಂಬಿಕಾ. “ಹಾಕ್ಕೊಳ್ಳಿ.”

ಮದರಾಸಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಇರುತ್ತಿದ್ದರು. ಒಬ್ಬರು ತುರಿದರೆ ಒಬ್ಬರು ರುಬ್ಬುತ್ತಿದ್ದರು. ಉಪ್ಪು ಹಾಕಿದ್ದೀಯಾ ಎಂದು ಕೇಳಿ, ಹಾಕಿದ್ದೇನೆ ಎಂದರೂ, ಮೂಕಾಂಬಿಕಾ ಸೌಟಿನಿಂದ ಅಂಗೈಗೆ ಹನಿಸಿಕೊಂಡು ನೋಡುತ್ತಿದ್ದರು.

ಮಾರ್ಚ್ ಎರಡನೆಯ ವಾರ ಒಂದು ಕಾರ್ಡು ಬಂತು. ಈ ಸಲ ಅದು ಮೂಕಾಂಬಿಕೆಯ ಹೆಸರಿಗೆ ಇತ್ತು. ಅಂಚೆಯವನ ಕೈಯಿಂದ ಸೌದಾಮಿನಿ ತೆಗೆದುಕೊಂಡಳು. ನಾಲ್ಕೇ ಸಾಲು. ನಿಂತಲ್ಲೇ ಓದಿದಳು.

“ಎಂತ ಬರೆದಿದ್ದಾರೆ?” ಮೂಕಾಂಬಿಕಾ ಬಾಗಿಲಿಗೆ ಬಂದರು.

“ನಿಮ್ಮ ಉಪಕಾರ ಮರೆಯುವುದಿಲ್ಲ ಅಂತ. ಪುಸ್ತಕದಲ್ಲಿ ಸರಿಪಡಿಸಿದ್ದಾರಂತೆ.”

“ಮೇಷ್ಟ್ರು?”

“ಹೇಳಿ ಕಳಿಸಿದರಂತೆ. ಹದಿನಾಲ್ಕು ದಿನದ ಮೇಲೆ ಬಂದರಂತೆ. ಅಷ್ಟರಲ್ಲಿ ಕುತ್ತಿಗೆಗೆ ಬಂದಿತ್ತಂತೆ. ಮನೆಗೆ ಕಳಿಸಿದರು.”

ಮೂಕಾಂಬಿಕಾ ಅವಳ ಮುಖವನ್ನೇ ನೋಡಿದರು.

“ನಿಜವಾಗಿ ಅದೇ ಬರೆದದ್ದಾ?”

“ಅದೇ, ಅತ್ತೆ.”

“ಇಲ್ಲಿ ಕೊಡು.”

ಕಾರ್ಡು ತೆಗೆದುಕೊಂಡರು. ಅಂಗಳದಲ್ಲಿ ಆಡುತ್ತಿದ್ದ ಸುಮಿತ್ರಳ ಕೈ ಹಿಡಿದುಕೊಂಡು, ಬೇಲಿಯ ಸಂದಿನಿಂದ ಪಕ್ಕದ ಮನೆಗೆ ಹೋದರು. ಸೌದಾಮಿನಿಗೆ ಇಲ್ಲಿಂದಲೇ ಎಲ್ಲ ಕೇಳಿಸುತ್ತಿತ್ತು. ಅಮ್ಮಿಣಿ ಟೀಚರ್ ಇಂಗ್ಲಿಷನ್ನು ಓದಿ ಮಲಯಾಳದಲ್ಲಿ ಹೇಳಿದರು. ಮಗು ಅದನ್ನು ಕೇಳಿ, ತಡವರಿಸಿ, ಶಬ್ದ ಹುಡುಕಿ, ಅಜ್ಜಿಗೆ ಕನ್ನಡದಲ್ಲಿ ಹೇಳಿತು.

“ತಡ ಆಯ್ತಂತೆ, ಅಜ್ಜಿ.”

“ಮತ್ತೆ? ಇನ್ನೆಂತ ಉಂಟು ಅದರಲ್ಲಿ?”

“ಅಷ್ಟೇ.”

“ಸರಿಯಾಗಿ ಕೇಳಿ ಹೇಳು, ಮಗಾ. ಇನ್ನೊಮ್ಮೆ ಕೇಳು.”